ಮುಳುಗುವವರ ಹಿಂದೆ ಹಾರುವ ಮೊದಲು

ಸಂಪಾದಕರೇ,

ನೀರಿನಲ್ಲಿ ಮುಳುಗಿ ಸತ್ತವರ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಎಷ್ಟೋ ಸಲ ಒಂದೇ ಸುದ್ದಿಯಲ್ಲಿ ಇಬ್ಬರು ಮೂವರು ಹೋಗಿರುತ್ತಾರೆ. ತಮ್ಮ ಮುಳುಗುತ್ತಿದ್ದ, ಅವನನ್ನು ಎಳೆಯಲು ಅಣ್ಣ ಹಾರಿದ, ಅಣ್ಣನನ್ನು ಹಿಡಿಯಲು ಗೆಳೆಯ ಇಳಿದ. ಕೊನೆಗೆ ‘ಈಜು ಬಾರದೆ ಮುಳುಗಿದ್ದಾರೆ’ ಅಂತ ಒಂದು ಸಾಲು, ಅಲ್ಲಿಗೆ ಸುದ್ದಿ ಮುಗಿಯಿತು. ನನ್ನ ತಕರಾರು ಇರುವುದು ಆ ಸಾಲಿನ ಬಗ್ಗೆಯೇ. ಈಜು ಬರುವವರೂ ಹೀಗೆ ಸಾಯುತ್ತಾರೆ. ದಡ ಬಿಡದೆಯೇ ಒಬ್ಬರನ್ನು ಉಳಿಸಬಹುದು ಅನ್ನುವುದನ್ನು ಆ ಅಣ್ಣನಿಗಾಗಲಿ ಗೆಳೆಯನಿಗಾಗಲಿ ಯಾರೂ ಹೇಳಿಕೊಟ್ಟಿರುವುದಿಲ್ಲ.

ಮೊದಲು, ಮುಳುಗುವುದು ಹೇಗೆ ಕಾಣುತ್ತದೆ ಅನ್ನುವುದೇ ಹೆಚ್ಚಿನವರಿಗೆ ಗೊತ್ತಿಲ್ಲ. ಜೋರಾಗಿ ಕೂಗುತ್ತಾರೆ, ಕೈ ಬೀಸುತ್ತಾರೆ ಅಂದುಕೊಂಡಿರುತ್ತೇವೆ. ಕೈಲಾಗುವಷ್ಟು ಹೊತ್ತು ಕೆಲವರು ಹಾಗೆ ಮಾಡುತ್ತಾರೆ, ನಿಜ. ಆದರೆ ನಿಜವಾಗಿ ಮುಳುಗಲು ಶುರುವಾದ ಮೇಲೆ ಬಾಯಿ ನೀರಿನ ಮೇಲೆ ಬರುವುದೇ ಒಂದು ಕ್ಷಣ. ಅಷ್ಟರಲ್ಲಿ ಉಸಿರು ಎಳೆದುಕೊಳ್ಳಬೇಕು, ಕೂಗುವುದಕ್ಕೆ ಉಸಿರು ಎಲ್ಲಿ ಉಳಿಯುತ್ತದೆ? ಕೈಗಳು ತಾವಾಗಿಯೇ ಅಕ್ಕಪಕ್ಕ ಚಾಚಿ ನೀರನ್ನು ಕೆಳಗೆ ಒತ್ತುತ್ತಿರುತ್ತವೆ, ಬೀಸುವುದಕ್ಕೆ ಬರುವುದಿಲ್ಲ. ದೇಹ ನೆಟ್ಟಗೆ ನಿಂತಿರುತ್ತದೆ, ಕಾಲು ಕೆಲಸ ಮಾಡುತ್ತಿರುವುದಿಲ್ಲ. ಈ ಸ್ಥಿತಿಯಲ್ಲಿ ಸಿಗುವ ಸಮಯ ಹೆಚ್ಚು ಕಡಿಮೆ 20ರಿಂದ 60 ಸೆಕೆಂಡ್. ಹಾಗಾಗಿ ನೀರಿನಲ್ಲಿ ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾದರೆ ತಕ್ಷಣ ನೋಡಬೇಕು.

ಇನ್ನು ಹಾರುವವರ ವಿಷಯ. ಉಸಿರಿಗಾಗಿ ಒದ್ದಾಡುತ್ತಿರುವ ಮನುಷ್ಯ ಕೈಗೆ ಸಿಕ್ಕಿದ್ದನ್ನು ತಬ್ಬಿಕೊಂಡು ಅದರ ಮೇಲೆ ಹತ್ತಲು ನೋಡುತ್ತಾನೆ. ಅದು ಅವನ ತಪ್ಪಲ್ಲ, ಆ ಹೊತ್ತಿನಲ್ಲಿ ಬುದ್ಧಿ ಕೆಲಸ ಮಾಡುವುದಿಲ್ಲ. ಎಂಥ ಈಜುಗಾರನನ್ನಾದರೂ ಆ ಹಿಡಿತ ಕೆಳಗೆ ಎಳೆಯುತ್ತದೆ. ಅದಕ್ಕೇ ರಕ್ಷಣಾ ತರಬೇತಿಯಲ್ಲಿ ನೀರಿಗೆ ಇಳಿಯುವುದನ್ನು ಕಟ್ಟಕಡೆಯ ದಾರಿ ಅಂತ ಹೇಳಿಕೊಡುತ್ತಾರೆ. ಮೊದಲು ಕೂಗಿ ಜನ ಸೇರಿಸಿ, ಒಬ್ಬರು ತುರ್ತು ಸಹಾಯಕ್ಕೆ ಫೋನ್ ಮಾಡಲಿ. ಮುಳುಗುತ್ತಿರುವವರು ಹತ್ತಿರದಲ್ಲೇ ಇದ್ದರೆ ದಡದಲ್ಲಿ ಹೊಟ್ಟೆಯ ಮೇಲೆ ಮಲಗಿ ಉದ್ದನೆಯ ಕೋಲನ್ನೋ ಟವೆಲನ್ನೋ ಚಾಚಿ. ನಿಂತುಕೊಂಡು ಚಾಚಿದರೆ ನಿಮ್ಮನ್ನೇ ಎಳೆದುಕೊಂಡುಬಿಡುತ್ತಾರೆ. ದೂರದಲ್ಲಿದ್ದರೆ ಹಗ್ಗ, ಗಾಳಿ ತುಂಬಿದ ಟ್ಯೂಬ್, ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನ್, ತೇಲುವಂಥದ್ದು ಏನೇ ಇರಲಿ ಎಸೆಯಿರಿ. ಹಗ್ಗವನ್ನು ಅವರಿಗಿಂತ ಸ್ವಲ್ಪ ಆಚೆಗೆ ಬೀಳುವಂತೆ ಎಸೆದರೆ ಅದು ಮೈಮೇಲೆ ಹಾದುಹೋಗಿ ಕೈಗೆ ಸಿಗುತ್ತದೆ. ‘ಹಗ್ಗ ಹಿಡಿ, ಕಾಲು ಬಡಿ’ ಅಂತ ಜೋರಾಗಿ ಹೇಳುತ್ತಲೇ ಇರಿ. ಒಬ್ಬರಂತೂ ಅವರ ಮೇಲಿಂದ ಕಣ್ಣು ತೆಗೆಯಲೇಬಾರದು, ಮುಳುಗಿದ ಜಾಗ ತಪ್ಪಿದರೆ ಹುಡುಕುವುದು ಬಹಳ ಕಷ್ಟ.

ಕಣ್ಣೆದುರು ಸ್ವಂತ ಮಗು ಮುಳುಗುತ್ತಿದ್ದರೆ ಇಷ್ಟೆಲ್ಲ ಯೋಚಿಸಲು ಆಗುತ್ತದಾ ಅಂತ ಕೇಳಬಹುದು. ಆಗುವುದಿಲ್ಲ. ಅದಕ್ಕೇ ಇದನ್ನು ಮೊದಲೇ ಕಲಿತಿರಬೇಕು ಅನ್ನುತ್ತಿದ್ದೇನೆ, ನೀರಿನ ಹತ್ತಿರ ಹೋದ ಕೂಡಲೇ ಎಸೆಯಲು ಏನಿದೆ ಅಂತ ನೋಡಿಕೊಳ್ಳುವ ಅಭ್ಯಾಸ ಇರಬೇಕು.

ನಾವೇ ಆಯತಪ್ಪಿ ಬಿದ್ದರೆ? ತಣ್ಣನೆಯ ನೀರಿಗೆ ಬಿದ್ದಾಗ ಏದುಸಿರು ಬರುತ್ತದೆ, ಅದು ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಅಲ್ಲಿಯವರೆಗೆ ಈಜಲು ಹೋಗದೆ ತಲೆಯನ್ನು ಹಿಂದಕ್ಕೆ ಒರಗಿಸಿ, ಕಿವಿ ನೀರಿನಲ್ಲಿದ್ದರೂ ಪರವಾಗಿಲ್ಲ, ಅಂಗಾತ ತೇಲಿಕೊಂಡಿರಿ. ಹರಿಯುವ ನೀರಾದರೆ ಪಾದ ಮುಂದಕ್ಕೆ ಇರಲಿ, ಬಂಡೆ ತಾಗಿದರೆ ತಲೆಗೆ ಪೆಟ್ಟಾಗುವುದಿಲ್ಲ. ಕಡಲಲ್ಲಿ ಸೆಳೆತ ಒಳಗೆ ಎಳೆದರೆ ಅದಕ್ಕೆ ಎದುರಾಗಿ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದ ಮೇಲೆ ದಡದ ಕಡೆ ತಿರುಗಿ.

ಮೇಲೆ ತಂದ ನಂತರವೂ ಜೀವ ಕಳೆಯುವ ತಪ್ಪುಗಳು ನಡೆಯುತ್ತವೆ. ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗೆ ಹಿಡಿದು ಅಲ್ಲಾಡಿಸುವುದು ಇದನ್ನೆಲ್ಲ ದಯವಿಟ್ಟು ನಿಲ್ಲಿಸಬೇಕು. ಹೊಟ್ಟೆಯಲ್ಲಿದ್ದದ್ದು ವಾಂತಿಯಾಗಿ ಉಸಿರಿನ ದಾರಿಗೆ ಸೇರುತ್ತದೆ, ಬೆಲೆಬಾಳುವ ನಿಮಿಷಗಳೂ ಹೋಗುತ್ತವೆ. ಮುಳುಗಿದವರಿಗೆ ಬೇಕಾಗಿರುವುದು ಆಮ್ಲಜನಕ. ಉಸಿರಾಟ ನಿಂತಿದ್ದರೆ ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ ಮೊದಲು ಬಾಯಿಂದ ಉಸಿರು ಕೊಡಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತಿ 2 ಸಲ ಉಸಿರು, ಹೀಗೆ ಆಂಬುಲೆನ್ಸ್ ಬರುವವರೆಗೂ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಇದನ್ನು ಓದಿ ಕಲಿಯಲು ಆಗುವುದಿಲ್ಲ, ಗೊಂಬೆಯ ಮೇಲೆ ಕೈ ಇಟ್ಟು ಒತ್ತಿಯೇ ಕಲಿಯಬೇಕು. ಎಚ್ಚರವಾಗಿ ಎದ್ದು ಕೂತವರನ್ನೂ ಆಸ್ಪತ್ರೆಗೆ ಕರೆದೊಯ್ಯಬೇಕು, ಉಸಿರಿನ ತೊಂದರೆ ಕೆಲವು ಗಂಟೆ ಬಿಟ್ಟು ಜಾಸ್ತಿಯಾಗಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತಿದ್ದಾರೆ. ಅವರಲ್ಲಿ ಹತ್ತಿರ ಹತ್ತಿರ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಇಷ್ಟು ಚಿಕ್ಕ ಮಕ್ಕಳಿಗೆ ಕೆರೆ, ಹೊಳೆಯೇ ಬೇಕಿಲ್ಲ, ಮನೆಯ ಬಕೆಟ್ಟಿನ ತಳದಲ್ಲಿರುವ ನಾಲ್ಕು ಬೆರಳು ನೀರು ಸಾಕು. ಬಳಸಿದ ಕೂಡಲೇ ಬಕೆಟ್ ಬೋರಲು ಹಾಕಿ, ತೊಟ್ಟಿಗೆ ಮುಚ್ಚಳ ಮುಚ್ಚಿ. ಮಕ್ಕಳು ನೀರಿನಲ್ಲಿದ್ದಾಗ ‘ನೀನು ನೋಡ್ಕೋ’ ಅಂತ ಒಬ್ಬ ದೊಡ್ಡವರಿಗೆ ಹೆಸರು ಹಿಡಿದು ಹೇಳಿ, ಅವರ ಕೈಯಲ್ಲಿ ಫೋನ್ ಇರಬಾರದು. ಹತ್ತು ಜನ ದೊಡ್ಡವರಿದ್ದ ಕಡೆ ಎಲ್ಲರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಳ್ಳುತ್ತಾರೆ, ಅಲ್ವಾ?

ಜುಲೈ 25 ವಿಶ್ವ ಮುಳುಗುವಿಕೆ ತಡೆ ದಿನ, ವಿಶ್ವಸಂಸ್ಥೆ 2021ರಲ್ಲಿ ಘೋಷಿಸಿದ್ದು. ಆ ದಿನ ಒಂದು ಲೇಖನ ಹಾಕಿ, ಸಂತೋಷ. ಆದರೆ ನಾನು ಕೇಳುತ್ತಿರುವುದು ಬೇರೆ. ಇಂಥ ಸುದ್ದಿ ಬಂದಾಗಲೆಲ್ಲ ಅದರ ಕೆಳಗೇ ಒಂದು ಚಿಕ್ಕ ಚೌಕದಲ್ಲಿ ‘ಹಾರಬೇಡಿ, ಚಾಚಿ, ಎಸೆಯಿರಿ, ಹೊಟ್ಟೆ ಒತ್ತಬೇಡಿ’ ಅಂತ ನಾಲ್ಕು ಸಾಲು ಹಾಕಿ. ವರದಿಗಾರರು ‘ಈಜು ಬಾರದೆ’ ಅಂತ ಬರೆದು ಕೈಬಿಡದೆ, ಅಲ್ಲಿ ಬೇಲಿ ಇತ್ತೇ, ಎಚ್ಚರಿಕೆಯ ಫಲಕ ಇತ್ತೇ, ಎಸೆಯಲು ಒಂದು ಹಗ್ಗವಾದರೂ ಇತ್ತೇ, ದೋಣಿಯಾಗಿದ್ದರೆ ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿದ್ದರೇ ಅಂತ ಕೇಳಿ ಬರೆಯಲಿ. ಇಲ್ಲ ಅಂತ ಉತ್ತರ ಬಂದರೆ, ಒಂದು ತಿಂಗಳು ಬಿಟ್ಟು ಅದೇ ಜಾಗಕ್ಕೆ ಹೋಗಿ ಮತ್ತೆ ಕೇಳಲಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ