ಹಳೆಯ ಕಾರನ್ನು ಎಷ್ಟರ ಮಟ್ಟಿಗೆ ಹೊಸದಾಗಿಸಬೇಕು?

ಮಾನ್ಯರೇ,

ಹಳೆಯ ಫಿಯೆಟ್, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳನ್ನು ಶೆಡ್ಡಿನಿಂದ ಹೊರತೆಗೆದು ಮತ್ತೆ ರಸ್ತೆಗಿಳಿಸುವ ಹವ್ಯಾಸ ನಮ್ಮ ಊರುಗಳಲ್ಲಿ ಬೆಳೆಯುತ್ತಿರುವುದು ಸಂತೋಷದ ಸಂಗತಿ. ಆದರೆ ಇಂಥ ಕಾರುಗಳ ಬಗ್ಗೆ ಬರುವ ಚಿತ್ರ, ಬರಹಗಳಲ್ಲಿ ಹೊಗಳಿಕೆಗೆ ಪಾತ್ರವಾಗುವುದು ಬಹುತೇಕ ಒಂದೇ ಬಗೆಯ ಕೆಲಸ: ಕೊನೆಯ ನಟ್ಟು ಬೋಲ್ಟಿನವರೆಗೆ ಬಿಚ್ಚಿ, ಇದ್ದ ಬಣ್ಣವನ್ನೆಲ್ಲ ಕೆರೆದು, ಸೀಟು, ಬೀಡಿಂಗ್, ಮೀಟರುಗಳನ್ನೆಲ್ಲ ಬದಲಿಸಿ, ಗಾಡಿ ಷೋರೂಮಿನಿಂದ ಈಗಷ್ಟೇ ಹೊರಬಂದಂತೆ ಮಾಡುವುದು. ಹಲವು ವರ್ಷ ಗ್ಯಾರೇಜು ನಡೆಸಿದವನಾಗಿ ನನ್ನ ಅಭಿಪ್ರಾಯ ಬೇರೆ. ಇಷ್ಟು ಆಳದ ಕೆಲಸ ಅನೇಕ ಕಾರುಗಳಿಗೆ ಬೇಕಾಗಿಯೇ ಇರುವುದಿಲ್ಲ. ಕೆಲವಕ್ಕೆ ಅದರಿಂದ ನಷ್ಟವೇ ಹೆಚ್ಚು.

ಕೆಲಸಕ್ಕೆ ಕೈ ಹಾಕುವ ಮೊದಲು ಖರ್ಚಿನ ಲೆಕ್ಕಕ್ಕಿಂತಲೂ ಮುಂಚೆ ನೋಡಬೇಕಾದದ್ದು, ಕಾರಿನಲ್ಲಿ ಕಾರ್ಖಾನೆಯ ಕಾಲದ್ದು ಇನ್ನೂ ಏನೇನು ಉಳಿದಿದೆ ಎಂಬುದನ್ನು. ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್ 1100, 1974ರ ಹೊತ್ತಿಗೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಒಬ್ಬರ ಕೈಯಲ್ಲೇ ಉಳಿದ ಇಂಥ ಗಾಡಿಗಳಲ್ಲಿ ಕೆಲವೊಮ್ಮೆ ಮೊದಲ ಬಣ್ಣ, ಮೊದಲ ರೆಕ್ಸಿನ್, ಸ್ಟೀರಿಂಗ್ ಪಕ್ಕದ ಗೇರ್ ಹಿಡಿಯ ಮೊದಲ ಗುಂಡಿಯೂ ಹಾಗೆಯೇ ಇರುತ್ತವೆ. ಮಂಕಾದ ಬಣ್ಣಕ್ಕೆ ರಬ್ಬಿಂಗ್ ಕಾಂಪೌಂಡ್ ಮತ್ತು ಮೇಣ ಸಾಕಾಗುವಾಗ ಅದನ್ನು ತಗಡಿನವರೆಗೆ ಕೆರೆದು ತೆಗೆದರೆ, ಮತ್ತೆ ಎಷ್ಟು ಹಣ ಸುರಿದರೂ ಆ ಬಣ್ಣ ಬರುವುದಿಲ್ಲ. ಅದರ ಜಾಗಕ್ಕೆ ಬರುವ ಇಂದಿನ, ಗಟ್ಟಿಕಾರಕ ಬೆರೆಸಿ ಹೊಡೆಯುವ ಎರಡು ಘಟಕಗಳ ಬಣ್ಣದ ಗಾಢ ಹೊಳಪು ಆ ಕಾರಿಗೆ ಹುಟ್ಟಿನಲ್ಲೂ ಇರಲಿಲ್ಲ. ಪೂರ್ತಿ ಬಣ್ಣ ಬಳಿಯಲೇಬೇಕಾದಲ್ಲಿ ಡ್ಯಾಶ್‌ಬೋರ್ಡಿನ ಒಳಮೈಯಲ್ಲೋ ಬಾಗಿಲಿನ ಪ್ಯಾಡಿನ ಹಿಂದೆಯೋ ಮೂಲ ಬಣ್ಣದ ಒಂದು ತುಣುಕನ್ನಾದರೂ ಮುಟ್ಟದೆ ಬಿಡುವುದು ಒಳ್ಳೆಯದು.

ಆದರೆ ತುಕ್ಕಿನ ವಿಷಯದಲ್ಲಿ ನನ್ನಲ್ಲಿ ಈ ಔದಾರ್ಯವಿಲ್ಲ. ಫಿಯೆಟ್ 1100 ಮತ್ತು ಅಂಬಾಸಿಡರ್ ಎರಡಕ್ಕೂ ಬೇರೆ ಚಾಸಿ, ಅಂದರೆ ಬಾಡಿಯನ್ನು ಹೊರುವ ತಳದ ಚೌಕಟ್ಟು, ಎಂಬುದಿಲ್ಲ. ಬಾಡಿಯೇ ಭಾರ ಹೊರುತ್ತದೆ. ಬಾಗಿಲಿನ ಕೆಳಗಿನ ಟೊಳ್ಳು ಪಟ್ಟಿ, ಕಾಲಿಡುವ ತಗಡು, ಜಾಕ್ ಕೊಡುವ ಜಾಗ, ಸ್ಪ್ರಿಂಗ್ ಕಚ್ಚಿಕೊಂಡಿರುವ ಮೂಲೆ, ಇವುಗಳಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಒಳಹೋಗುವಂತಿದ್ದರೆ ಅದು ಅಂದಚಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಉಪ್ಪುಗಾಳಿಯ ಕರಾವಳಿಯಲ್ಲಿ ಮತ್ತು ಮಲೆನಾಡಿನ ಮಳೆಯಲ್ಲಿ ನಿಂತ ಗಾಡಿಗಳಲ್ಲಿ ಇದು ಸಾಮಾನ್ಯ. ಅಲ್ಲಿ ತುಕ್ಕು ಹಿಡಿದ ಭಾಗವನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು, ಅದೇ ದಪ್ಪದ ಹೊಸ ತಗಡನ್ನು ಬೆಸುಗೆ ಹಾಕಲೇಬೇಕು. ಕತ್ತರಿಸುವ ಮುನ್ನ ಬಾಗಿಲಿನ ತೆರಪಿಗೆ ಅಡ್ಡಪಟ್ಟಿ ಕೊಟ್ಟು ಬಾಡಿಯನ್ನು ಬಿಗಿಯದಿದ್ದರೆ ಇಡೀ ಗಾಡಿ ಬಾಗುತ್ತದೆ, ಆಮೇಲೆ ಬಾಗಿಲುಗಳು ಜನ್ಮದಲ್ಲಿ ಸರಿಯಾಗಿ ಮುಚ್ಚುವುದಿಲ್ಲ. ತೂತಿಗೆ ಪುಟ್ಟಿ ತುಂಬಿ, ಮೇಲೆ ಪ್ರೈಮರ್ ಹೊಡೆದು, ಅಡಿಯಿಂದ ಕಪ್ಪು ಕೋಟಿಂಗ್ ಬಳಿದು ಕೊಟ್ಟ ‘ಪೂರ್ತಿ ರೆಸ್ಟೋರ್ ಆದ’ ಗಾಡಿಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಅದಕ್ಕಿಂತ ಮಂಕು ಬಣ್ಣದ, ಗಟ್ಟಿ ತಳದ ಗಾಡಿ ಎಷ್ಟೋ ಮೇಲು. ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ಮಾತು ಬೇರೆ. ಅದಕ್ಕೆ ಪ್ರತ್ಯೇಕ ಚಾಸಿ ಇರುವುದರಿಂದ ಬಾಡಿಯ ಭಾಗಗಳನ್ನು ಬೋಲ್ಟು ಬಿಚ್ಚಿ ಇಳಿಸಿ, ಕೆಟ್ಟದ್ದನ್ನಷ್ಟೇ ಸರಿಪಡಿಸಬಹುದು.

ಬ್ರೇಕ್, ವೈರಿಂಗ್, ಪೆಟ್ರೋಲ್ ಪೈಪುಗಳಲ್ಲೂ ಹಳೆಯದರ ಮೋಹ ಸಲ್ಲದು. ಆ ಕಾಲದ ಹೆಚ್ಚಿನ ಕಾರುಗಳಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ ಒಂದೇ ಎಣ್ಣೆ ಮಾರ್ಗ. ಒಂದು ಕಡೆ ಹೋಸ್ ಸೀಳಿದರೆ ಪೆಡಲ್ ನೇರ ನೆಲಕ್ಕಿಳಿಯುತ್ತದೆ. 2023ರಿಂದ ಬಂಕುಗಳಿಗೆ ಬರತೊಡಗಿದ ಶೇ 20 ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಂಗಳನ್ನು ಕೆಡಿಸುತ್ತದೆ, ತೇವ ಹೀರಿಕೊಂಡು ಟ್ಯಾಂಕಿಗೆ ಒಳಗಿನಿಂದ ತುಕ್ಕು ಹಿಡಿಸುತ್ತದೆ. ಇವನ್ನು ಬದಲಿಸಿದ್ದು ಹೊರಗಿನಿಂದ ನೋಡುವವರಿಗೆ ಗೊತ್ತೂ ಆಗುವುದಿಲ್ಲ. ತೆಗೆದ ಭಾಗಗಳನ್ನು ಗುಜರಿಗೆ ಹಾಕದೆ ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಟ್ಟರೆ ಮುಂದಿನವರು ಬೇಕೆಂದರೆ ಮತ್ತೆ ಕೂರಿಸಿಯಾರು. ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಂಥ ಸಂಗ್ರಹಾಲಯದಲ್ಲಿ ನಿಲ್ಲುವ ಕಾರಿಗೆ ಇಷ್ಟೆಲ್ಲ ತುರ್ತಿಲ್ಲ, ಮಕ್ಕಳು ಮರಿಗಳನ್ನು ಕೂರಿಸಿಕೊಂಡು ಘಟ್ಟ ಇಳಿಯುವ ಕಾರಿಗೆ ಇದೆ.

ಎಂಜಿನ್ನಿನದೇ ಇನ್ನೊಂದು ಕಥೆ. 1089 ಸಿಸಿಯ ಫಿಯೆಟ್ ಎಂಜಿನ್ನನ್ನು ಬೋರ್ ಮಾಡಿಸಿ (ಸವೆದ ಸಿಲಿಂಡರಿನ ಒಳಮೈ ಕೊರೆಸಿ), ಪಿಸ್ಟನ್, ರಿಂಗ್ ಬದಲಿಸಿ ಉಳಿಸಿಕೊಳ್ಳಬಹುದಾದಾಗಲೂ, ಬಿಡಿಭಾಗಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರ ಸುತ್ತುವ ತಾಪತ್ರಯ ಬೇಡವೆಂದು ಬೇರೆ ಎಂಜಿನ್ ಕೂರಿಸುವವರಿದ್ದಾರೆ. ಓಡಾಟಕ್ಕೆ ಅದು ಅನುಕೂಲವೇ ಇರಬಹುದು. ಆದರೆ 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಮಾರ್ಪಾಡಿನಂಥ ಗಣನೀಯ ಬದಲಾವಣೆ ಆಗದ ವಾಹನಕ್ಕೆ ಮಾತ್ರ ವಿಂಟೇಜ್ ಮಾನ್ಯತೆ ಮತ್ತು ‘ವಿಎ’ ಸರಣಿಯ ನೋಂದಣಿ ಸಂಖ್ಯೆ ದೊರೆಯುತ್ತದೆ. 1974ರ ಪದ್ಮಿನಿಗಳು ಈಗ ಆ ವಯಸ್ಸನ್ನು ದಾಟಿವೆ. ಎಂಜಿನ್ ಬದಲಿಸಿದವರು, ಬಣ್ಣದ ಭರದಲ್ಲಿ ಚಾಸಿ ಸಂಖ್ಯೆಯನ್ನೇ ಉಜ್ಜಿ ಅಳಿಸಿದವರು ಈ ಅವಕಾಶವನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

ಹೊಳಪಿಗೇ ಬಹುಮಾನ ಕೊಡುವ ನಮ್ಮ ರ‍್ಯಾಲಿಗಳೂ ಯೋಚಿಸಬೇಕು. ಅಮೆರಿಕದ ಪೆಬಲ್ ಬೀಚ್ ಪ್ರದರ್ಶನದಲ್ಲಿ, ಅಂದರೆ ಇಂಥ ಥಳಕಿಗೇ ಹೆಸರಾದ ಕಡೆಯೇ, ಮರುನಿರ್ಮಾಣಕ್ಕೆ ಒಳಗಾಗದೆ ಉಳಿದುಬಂದ ಕಾರುಗಳಿಗೆ 2001ರಿಂದ ಪ್ರತ್ಯೇಕ ವಿಭಾಗವಿದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫಿವಾ’ ಒಪ್ಪಿದ ಟ್ಯೂರಿನ್ ಸನ್ನದು ಕೂಡ ಪೂರ್ತಿ ನವೀಕರಣಕ್ಕಿಂತ ಇದ್ದದ್ದನ್ನು ಕಾಪಾಡುವುದಕ್ಕೆ ಮೊದಲ ಮಣೆ ಹಾಕುತ್ತದೆ.

ಕೊನೆಯದಾಗಿ ರಾಜ್ಯದ ಸಾರಿಗೆ ಇಲಾಖೆಯಲ್ಲಿ ಒಂದು ಮನವಿ. ತುಕ್ಕು ತಿಂದ ಅಡಿತಗಡಿಗೆ ಅದೇ ಅಳತೆಯ ತಗಡು ಹಾಕಿ ಪ್ರಾಮಾಣಿಕವಾಗಿ ಬೆಸುಗೆ ಮಾಡಿಸಿದ ಮಾಲೀಕನ ಕೆಲಸವನ್ನು ಬಾಡಿಯ ‘ಮಾರ್ಪಾಡು’ ಎಂದು ಎಣಿಸಿ ಮಾನ್ಯತೆ ನಿರಾಕರಿಸಿದರೆ, ಪುಟ್ಟಿ ಮೆತ್ತಿ ಮುಚ್ಚಿಟ್ಟವನೇ ಗೆದ್ದಂತಾಗುತ್ತದೆ. ಇಂಥ ವಾಹನಗಳನ್ನು ಖುದ್ದಾಗಿ ಪರಿಶೀಲಿಸಲು ರಾಜ್ಯಗಳು ಸಮಿತಿ ರಚಿಸಬೇಕೆಂದು ಆ ನಿಯಮವೇ ಹೇಳುತ್ತದೆ. ಆ ಸಮಿತಿಯಲ್ಲಿ ಅಧಿಕಾರಿಗಳ ಜೊತೆಗೆ ಹಳೆಯ ಗಾಡಿಗಳ ಟಿಂಕರಿಂಗ್ ಬಲ್ಲ ಒಬ್ಬ ಅನುಭವಿಯೂ ಇರಲಿ. ದುರಸ್ತಿಗೆ ಮೊದಲು ಮತ್ತು ನಂತರ ತೆಗೆದ ಫೋಟೊಗಳನ್ನು ಅರ್ಜಿಯೊಂದಿಗೆ ಪುರಾವೆಯಾಗಿ ಸ್ವೀಕರಿಸುವಂತಾಗಲಿ.

– ಓರ್ವ ಓದುಗ, ಮೈಸೂರು