ದೂರದ ಲಾರಿಗೆ ಇಬ್ಬರು ಚಾಲಕರು ಬೇಕು

ಮಾನ್ಯ ಸಂಪಾದಕರೇ,

ಲಾರಿ ಅಪಘಾತದ ಸುದ್ದಿಯಲ್ಲಿ ‘ಚಾಲಕ ನಿದ್ದೆಗಣ್ಣಿನಲ್ಲಿದ್ದ’ ಎಂಬ ಸಾಲು ಆಗಾಗ ಕಾಣುತ್ತದೆ. ಅವನು ಎಷ್ಟು ಹೊತ್ತಿನಿಂದ ನಿದ್ದೆಗೆಟ್ಟಿದ್ದ ಅಂತ ಕೇಳುವವರು ಕಡಿಮೆ. ನಮ್ಮಪ್ಪ ಬೆಂಗಳೂರು–ಮುಂಬೈ ಲೈನಿನಲ್ಲಿ ಲಾರಿ ಓಡಿಸಿದವರು. ಅದಕ್ಕೇ ಬರೆಯುತ್ತಿದ್ದೇನೆ.

ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ, ಅಂದರೆ ಬೇರೆ ರಾಜ್ಯಗಳಿಗೂ ಮಾಲು ಒಯ್ಯುವ ಪರವಾನಗಿ ಇರುವ ಲಾರಿಯಲ್ಲಿ, ಇಬ್ಬರು ಚಾಲಕರು ಇರಬೇಕು, ಒಬ್ಬ ಓಡಿಸುವಾಗ ಇನ್ನೊಬ್ಬ ಕಾಲು ಚಾಚಿ ಮಲಗಲು ಹಿಂದೆ ಸೀಟು ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇತ್ತು. 2018ರಲ್ಲಿ ಕೇಂದ್ರ ಸರ್ಕಾರ ಇಬ್ಬರು ಚಾಲಕರ ಷರತ್ತನ್ನೇ ತೆಗೆದುಹಾಕಿತು. ಮೊದಲೂ ಒಬ್ಬನನ್ನೇ ಕಳಿಸುವ ಮಾಲೀಕರು ಇದ್ದರು, ನಿಜ. ಆದರೆ ಆಗ ಬಾಯಿಬಿಟ್ಟು ಕೇಳಲು ಒಂದು ನಿಯಮವಾದರೂ ಇತ್ತು.

ಕೆಲಸದ ಹೊತ್ತಿಗೆ ಮಿತಿ ಇಲ್ಲವೇ ಅಂದರೆ, ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಎಂದಿತ್ತು. ದೂರದ ದಾರಿಗೆ ಅನುಮತಿ ಪಡೆದರೆ 10 ಗಂಟೆ. ಆದರೆ ಟರ್ಮಿನಲ್‌ನಲ್ಲಿ, ಅಂದರೆ ಗಾಡಿ ಹೊರಡುವ ಅಥವಾ ತಲುಪುವ ಜಾಗದಲ್ಲಿ, ಸುಮ್ನೆ ಕಾಯುವುದು 15 ನಿಮಿಷ ಮೀರಿದರೆ ಅದು ಕೆಲಸದ ಲೆಕ್ಕಕ್ಕೆ ಬರುವುದಿಲ್ಲ. ಲಾರಿಯವರ ಅರ್ಧ ಆಯುಷ್ಯ ಕಾಯುವುದರಲ್ಲೇ ಕಳೆಯುತ್ತದೆ ಅಲ್ವಾ! ಫ್ಯಾಕ್ಟರಿ ಗೇಟಿನ ಮುಂದೆ ಬೆಳಗ್ಗೆಯಿಂದ ಕ್ಯೂ. ಗಾಡಿ ಬಿಟ್ಟು ದೂರ ಹೋಗುವಂತಿಲ್ಲ. ಅಪ್ಪ ಲಾರಿಯಡಿಯ ನೆರಳಿನಲ್ಲಿ ಚಾಪೆ ಹಾಸಿ ಒರಗುತ್ತಿದ್ದರು. ಕಣ್ಣು ಹತ್ತುವಷ್ಟರಲ್ಲಿ ಕ್ಯೂ ಮುಂದೆ ಸರಿದು, ಹಿಂದಿನ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ. ಲೋಡಾಗಿ, ಟಾರ್ಪಾಲ್ ಹೊದಿಸಿ, ಹಗ್ಗ ಬಿಗಿದು, ಬಿಲ್ ಕೈಗೆ ಬರುವಾಗ ಕತ್ತಲು. ರಾತ್ರಿಯಿಡೀ ಓಡಿಸುವ ಕೆಲಸ ಅಲ್ಲಿಂದ ಶುರು. ನಾಳಿದ್ದು ಮಾಲು ತಲುಪಬೇಕು ಅಂತ ಮಾಲಿನ ಪಾರ್ಟಿಯಿಂದ ಫೋನು ಬೇರೆ.

2025ರ ನವೆಂಬರ್ 21ರಿಂದ ಆ 1961ರ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ ಕಾಯ್ದೆ 5 ಜನ ಕೆಲಸಗಾರರಿದ್ದ ಸಾರಿಗೆ ಸಂಸ್ಥೆಗೂ ಅನ್ವಯಿಸುತ್ತಿತ್ತು. ಹೊಸದರಲ್ಲಿ 10 ಜನ ಇರಬೇಕು. ಎರಡು ಮೂರು ಲಾರಿ ಇಟ್ಟುಕೊಂಡ ಮಾಲೀಕರೇ ಜಾಸ್ತಿ ಇರುವ ಈ ಧಂದೆಯಲ್ಲಿ ಇದರಿಂದ ಹೊರಗುಳಿಯುವವರು ಎಷ್ಟು ಜನ, ಯೋಚಿಸಿ. 2025ರಿಂದ ಹೊಸ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವಾಗಿದ್ದು ಒಳ್ಳೆಯದೇ. ಸೆಕೆ ತಪ್ಪುತ್ತದೆ. ಆದರೆ ಮಲಗಲು ಹೊತ್ತು ಯಾರು ಕೊಡುತ್ತಾರೆ?

ಹೊತ್ತಿನ ಲೆಕ್ಕ ಇಡುವುದು ಕಷ್ಟ ಅಂತ ಈಗ ಹೇಳುವಂತಿಲ್ಲ. ಫಾಸ್ಟ್ಯಾಗ್‌ನಿಂದ ಯಾವ ಗಾಡಿ ಯಾವ ಟೋಲನ್ನು ಎಷ್ಟು ಗಂಟೆಗೆ ದಾಟಿತು ಎಂಬುದು ದಾಖಲಾಗುತ್ತದೆ. ಸಂಜೆ ನೆಲಮಂಗಲ ಬಿಟ್ಟ ಲಾರಿ ಮರುದಿನ ಮಧ್ಯಾಹ್ನಕ್ಕೆ ಪುಣೆ ಹತ್ತಿರದ ಖೇಡ್ ಶಿವಾಪುರ ಟೋಲ್ ಮುಟ್ಟಿದರೆ, ಒಬ್ಬನೇ ಚಾಲಕನಿದ್ದರೆ, ಅವನು ಮಲಗಿಲ್ಲ ಎಂದೇ ಅರ್ಥ. ಅಂಥ ಗಾಡಿಯ ಮಾಲೀಕರಿಗೂ, ಅವಸರ ಮಾಡಿಸಿದ ಮಾಲಿನ ಪಾರ್ಟಿಗೂ ನೋಟಿಸ್ ಹೋಗಲಿ. ಚಾಲಕನಿಗೆ ದಂಡ ಹಾಕಿ ಕೈತೊಳೆದುಕೊಳ್ಳುವುದು ಬೇಡ. ಅವನು ಬೇಡವೆಂದರೆ ಲೋಡು ಇನ್ನೊಬ್ಬನ ಪಾಲಾಗುತ್ತದೆ.

ಎಲ್ಲ ಲಾರಿಗೂ ಒಮ್ಮೆಲೇ ಆಗದಿದ್ದರೆ, 500 ಕಿ.ಮೀ. ಮೀರಿದ ಓಡಾಟಕ್ಕಾದರೂ ಇಬ್ಬರು ಚಾಲಕರ ನಿಯಮವನ್ನು ಕೇಂದ್ರ ಮತ್ತೆ ತರಬೇಕು. ಎರಡನೇ ಚಾಲಕನ ಸಂಬಳ, ಭತ್ಯೆ ಎರಡೂ ಲಾರಿ ಬಾಡಿಗೆಯಲ್ಲೇ ಸೇರಲಿ. ಸಣ್ಣ ಮಾಲೀಕರ ಮೇಲೆ ಅಷ್ಟೂ ಹೊರೆ ಹೊರಿಸುವುದು ನ್ಯಾಯವಲ್ಲ. ನಮ್ಮ ಸಂಸದರು ಈ ಮಾತನ್ನು ಲೋಕಸಭೆಯಲ್ಲಿ ಎತ್ತಬೇಕೆಂದು ಕೇಳಿಕೊಳ್ಳುತ್ತೇನೆ.

– ಲಾರಿ ಚಾಲಕರೊಬ್ಬರ ಮಗಳು, ಹಿರಿಯೂರು