ಹಳೆಯ ಡಿಸ್ಕ್‌ಗಳ ಎರಡೂ ತುದಿಗಳನ್ನು ಅಳಿಸಿ ಕೊಡಿ

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದಲ್ಲಿ ಹಾಸನದ ಕಚೇರಿಯೊಂದು ಸಕಲೇಶಪುರ ತಾಲ್ಲೂಕಿನ ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಗೆ ನಾಲ್ಕು ಹಳೆಯ ಹಾರ್ಡ್ ಡಿಸ್ಕ್‌ಗಳನ್ನು ಕೊಟ್ಟಿತು. ಎಲ್ಲವನ್ನೂ ಫಾರ್ಮ್ಯಾಟ್ ಮಾಡಿದ್ದೇವೆಂದು ಅವರು ಹೇಳಿದ್ದು ನಿಜವೇ ಆಗಿತ್ತು. ಆದರೂ ಒಂದು ಡಿಸ್ಕ್‌ಗೆ ಲಿನಕ್ಸ್ ಹಾಕಲು ಹೊರಟಾಗ, ಅದು ಬಳಕೆಯಲ್ಲಿದೆ ಎಂಬ ಸಂದೇಶವೇ ಮತ್ತೆ ಮತ್ತೆ ಬಂತು. ಹಿಂದೆ ಸರ್ವರ್‌ನಲ್ಲಿ ರೇಡ್ (ಹಲವು ಡಿಸ್ಕ್‌ಗಳನ್ನು ಸೇರಿಸಿ ಒಂದರಂತೆ ಬಳಸುವ ವ್ಯವಸ್ಥೆ) ಜೋಡಿಯ ಒಂದು ಭಾಗವಾಗಿದ್ದ ಆ ಡಿಸ್ಕ್‌ನಲ್ಲಿ ಹಳೆಯ ಗುರುತು ಉಳಿದೇ ಇದ್ದುದರಿಂದ, ಕಂಪ್ಯೂಟರ್ ಆನ್ ಆದಾಗಲೆಲ್ಲ ಆ ರೇಡ್ ಅನ್ನು ಮತ್ತೆ ಕಟ್ಟಲು ಹೋಗಿ ಡಿಸ್ಕನ್ನು ಹಿಡಿದಿಟ್ಟುಕೊಳ್ಳುತ್ತಿತ್ತು.

ಬೇಸತ್ತ ನಾನು ಡಿಸ್ಕ್‌ನ ಆರಂಭದ ಭಾಗಕ್ಕೆ ಸೊನ್ನೆ ಬರೆಯುವ ಆಜ್ಞೆ ಕೊಟ್ಟೆ. ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಹೆಸರಿನಲ್ಲಿ ಹಿಂದಿನ ದಿನ ಎಸ್‌ಡಿಬಿ ಎಂದು ಕಂಡಿದ್ದ ಡಿಸ್ಕ್, ಕಂಪ್ಯೂಟರ್ ಮರಳಿ ಆನ್ ಮಾಡಿದಾಗ ಎಸ್‌ಡಿಎ ಆಗಿತ್ತು. ಅದನ್ನು ಗಮನಿಸದೆ ಎಸ್‌ಡಿಬಿಗೇ ಆಜ್ಞೆ ಕೊಟ್ಟು ನಾನು ಅಳಿಸಿದ್ದು ಮಕ್ಕಳ ವರ್ಷದ ಕೆಲಸವಿದ್ದ ಡಿಸ್ಕಿನ ಪಾರ್ಟಿಷನ್ ಕೋಷ್ಟಕವನ್ನು, ಅಂದರೆ ಡಿಸ್ಕ್ ಯಾವ ಯಾವ ಭಾಗಗಳಾಗಿ ಹಂಚಿದೆ ಎಂಬ ಪಟ್ಟಿಯನ್ನು. ಆ ದಿನದ ಸಂಕಟ ಬೇರೆ ಶಿಕ್ಷಕರಿಗೆ ಬಾರದಿರಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಜಿಪಿಟಿ ಎಂಬ ಕೋಷ್ಟಕ ಮಾದರಿಯ ಡಿಸ್ಕ್ ಪಾರ್ಟಿಷನ್ ವಿವರವನ್ನು ಎರಡು ಕಡೆ ಇಟ್ಟುಕೊಂಡಿರುತ್ತದೆ. 512 ಬೈಟ್ ಸೆಕ್ಟರ್‌ನ (ಸೆಕ್ಟರ್ ಎಂದರೆ ಡಿಸ್ಕ್ ಒಂದು ಸಲಕ್ಕೆ ಓದಿ ಬರೆಯುವ ಚಿಕ್ಕ ತುಂಡು) ಡಿಸ್ಕಿನಲ್ಲಿ ಮೂಲ ಪ್ರತಿ ಮೊದಲ 34 ಸೆಕ್ಟರ್‌ಗಳೊಳಗಿದ್ದರೆ, ಅದರ ನಕಲು ಕೊನೆಯ 33 ಸೆಕ್ಟರ್‌ಗಳಲ್ಲಿರುತ್ತದೆ. ರೇಡ್‌ನ ಗುರುತು ಕೂಡ ಆವೃತ್ತಿಗೆ ತಕ್ಕಂತೆ ಆರಂಭದಲ್ಲೋ ಕೊನೆಯಲ್ಲೋ ಕುಳಿತಿರುತ್ತದೆ. ಆದ್ದರಿಂದ ಮುಂಭಾಗವನ್ನಷ್ಟೇ ಅಳಿಸಿದರೆ ಸಾಲದು.

ಮೊದಲು ಡಿಸ್ಕ್‌ನ ಮೇಲೆ ಅಂಟಿಸಿರುವ ಸೀರಿಯಲ್ ಸಂಖ್ಯೆಯನ್ನು ಡಿಸ್ಕ್‌ಗಳನ್ನು ಪಟ್ಟಿ ಮಾಡುವ ಲಿನಕ್ಸ್‌ನ ಎಲ್‌ಎಸ್‌ಬಿಎಲ್‌ಕೆ ಆಜ್ಞೆ ತೋರಿಸುವ ಸಂಖ್ಯೆಯೊಂದಿಗೆ ತಾಳೆ ನೋಡಬೇಕು. ಸಾಧ್ಯವಾದರೆ ಬೇರೆ ಡಿಸ್ಕ್‌ಗಳ ಕೇಬಲ್ ತೆಗೆದೇ ಕೆಲಸಕ್ಕೆ ಕೂರಬೇಕು. ವೈಪ್‌ಎಫ್‌ಎಸ್ ಎಂಬ ಆಜ್ಞೆಯನ್ನು ಯಾವ ಆಯ್ಕೆಯೂ ಇಲ್ಲದೆ ಕೊಟ್ಟರೆ ಅದು ಏನನ್ನೂ ಅಳಿಸದೆ ಉಳಿದಿರುವ ಗುರುತುಗಳನ್ನಷ್ಟೇ ಪಟ್ಟಿ ಮಾಡುತ್ತದೆ. ರೇಡ್ ಚಾಲೂ ಆಗಿದ್ದರೆ ಅದನ್ನು ರೇಡ್ ನಿರ್ವಹಿಸುವ ಎಂಡಿಎಡಿಎಂ ಆಜ್ಞೆಯ ಮೂಲಕ ನಿಲ್ಲಿಸಿ, ಅದರ ಸೂಪರ್‌ಬ್ಲಾಕ್ (ಡಿಸ್ಕ್‌ನಲ್ಲಿರುವ ರೇಡ್ ಗುರುತು) ಅಳಿಸಿ, ಅನಂತರ ಒಂದೊಂದು ಪಾರ್ಟಿಷನ್‌ನ ಮೇಲೂ ಕೊನೆಗೆ ಇಡೀ ಡಿಸ್ಕ್‌ನ ಮೇಲೂ ವೈಪ್‌ಎಫ್‌ಎಸ್ ಅನ್ನು ಅಳಿಸುವ ಆಯ್ಕೆಯೊಂದಿಗೆ ನಡೆಸಬೇಕು. ಅಳಿಸುವ ಬೈಟ್‌ಗಳನ್ನು ಕಡತವಾಗಿ ಉಳಿಸಿಡುವ ಬ್ಯಾಕಪ್ ಆಯ್ಕೆಯೂ ಅದರಲ್ಲಿದೆ; ಅಂದು ನನಗೆ ಇದು ಗೊತ್ತಿರಲಿಲ್ಲ. ವಿಂಡೋಸ್ ಬಳಸುವವರಿಗೆ ಡಿಸ್ಕ್‌ಪಾರ್ಟ್‌ನ ಕ್ಲೀನ್ ಆಜ್ಞೆ ಇದೆ, ಆದರೆ ಅದು 'ಖಚಿತವೇ' ಎಂದು ಕೇಳದೆ ಅಳಿಸಿಬಿಡುತ್ತದೆ.

ಇಷ್ಟರಿಂದ ಹೋಗುವುದು ಗುರುತುಗಳು ಮಾತ್ರ, ಒಳಗಿನ ಕಡತಗಳಲ್ಲ. ಜನರ ದಾಖಲೆಗಳಿದ್ದ ಹಾರ್ಡ್ ಡಿಸ್ಕನ್ನು ಕೊಡುವ ಮೊದಲು ಅದರ ಮೇಲೆ ಆರಂಭದಿಂದ ಕೊನೆಯವರೆಗೆ ಸೊನ್ನೆ ಬರೆಯಬೇಕು. ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕ್) ಆದರೆ ಅದರದೇ ಸುರಕ್ಷಿತ ಅಳಿಸುವಿಕೆಯ ಆಜ್ಞೆ ಬಳಸಬೇಕು.

ಡಿಸ್ಕ್ ದಾನ ಮಾಡುವ ಕಚೇರಿಗಳಲ್ಲಿ ನನ್ನ ವಿನಂತಿ ಒಂದೇ: ಸೀರಿಯಲ್ ಸಂಖ್ಯೆ, ಅದು ರೇಡ್‌ನಲ್ಲಿತ್ತೇ, ಯಾವ ದಿನ ಹೇಗೆ ಅಳಿಸಲಾಯಿತು ಎಂಬುದನ್ನು ಬರೆದ ಚೀಟಿಯೊಂದನ್ನು ಪ್ರತಿ ಡಿಸ್ಕ್‌ಗೂ ಅಂಟಿಸಿ ಕೊಡಿ.

— ಕಂಪ್ಯೂಟರ್ ಶಿಕ್ಷಕ, ಸಕಲೇಶಪುರ